ಲೈನ್‌ಮನೆ ಮಾತು ವಿಶ್ವಸಂಸ್ಥೆವರೆಗೂ ಹೋಗುತ್ತಾ?

ಪ್ರಶ್ನೆ: ನಮ್ಮ ಕಾಫಿ ತೋಟದ ಲೈನ್‌ಮನೆಗಳಿಗೆ ಎನ್‌ಜಿಓದವ್ರು ಬಂದು ಹೆಂಗಸ್ರ ಆರೋಗ್ಯದ ಬಗ್ಗೆ ಕೇಳಿ ಬರ್ಕೊಂಡು ಹೋಗ್ತಾರೆ, ಇದು ವಿಶ್ವಸಂಸ್ಥೆವರೆಗೂ ಹೋಗುತ್ತೆ ಅಂತಾರೆ, ನಿಜಾನಾ ಸರ್?
– ಓದುಗರು, ಮೂಡಿಗೆರೆ

ಉತ್ತರ: ಅಲ್ಲಿ ತೀರ್ಮಾನ ಮಾಡೋದು ದೇಶಗಳೇ, ಎನ್‌ಜಿಓಗಳಿಗೆ ವೋಟಿಲ್ಲ. ಆದ್ರೆ ಮಾತು ಮುಟ್ಟಿಸೋ ದಾರಿ ಇದೆ. 1994ರಲ್ಲಿ ಕೈರೋದಲ್ಲಿ ವಿಶ್ವಸಂಸ್ಥೆಯ ಜನಸಂಖ್ಯೆ ಮತ್ತು ಅಭಿವೃದ್ಧಿ ಸಮ್ಮೇಳನಕ್ಕೆ 179 ದೇಶಗಳು ಸೇರಿದಾಗ ಪಕ್ಕದಲ್ಲೇ ಎನ್‌ಜಿಓಗಳದ್ದೂ ದೊಡ್ಡ ಸಭೆ ನಡೀತು, ಮಹಿಳಾ ಸಂಘಟನೆಯವ್ರು ಅದಕ್ಕೂ ಮೊದ್ಲೇ ತಯಾರಿ ಸಭೆಗಳಲ್ಲಿ ಸಮ್ಮೇಳನದ ತೀರ್ಮಾನದ ಕರಡಿನ ಪದಪದಕ್ಕೂ ಹಟ ಹಿಡಿದು ಕೂತಿದ್ರು, ಕೆಲವ್ರಂತೂ ತಮ್ಮ ದೇಶದ ನಿಯೋಗದಲ್ಲೇ ಇದ್ರು. ಕೊನೆಗೆ ಆ ತೀರ್ಮಾನದಲ್ಲಿ ತಲೆ ಎಣಿಸೋ ಲೆಕ್ಕದ ಜಾಗಕ್ಕೆ ಹೆಣ್ಣಿನ ಆರೋಗ್ಯ, ಅವಳ ಆಯ್ಕೆ ಅನ್ನೋದು ಬಂತು. 1996ರಲ್ಲಿ ನಮ್ಮ ದೇಶದಲ್ಲೂ ಕುಟುಂಬ ಯೋಜನೆಯಲ್ಲಿ ಇಷ್ಟು ಆಪರೇಷನ್ ಮಾಡಿಸ್ಲೇಬೇಕು ಅನ್ನೋ ಥರದ ಟಾರ್ಗೆಟ್ ತೆಗೆದ್ರು.

ನಾನು ಚಿಕ್ಕವನಿದ್ದಾಗ ನಮ್ಮೂರ ಸ್ಕೂಲ್ ಜಗಲಿ ಮೇಲೆ ಮಕ್ಕಳಾಗದ ಹಾಗೆ ಆಪರೇಷನ್ ಆದ ಹೆಂಗಸ್ರನ್ನ ಜಮಖಾನ ಹಾಸಿ ಸಾಲಾಗಿ ಮಲಗಿಸಿದ್ರು, ನಮ್ಮ ಅತ್ತೆ ಆ ಸಾಲಿನ ಕೊನೇಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದು ಇನ್ನೂ ಕಣ್ಣಿಗೆ ಕಟ್ಟಿದಂಗಿದೆ. ಹಾಗಾಗಿ ಈ ಬದಲಾವಣೆ ನನಗೆ ಬರೀ ಕಾಗದದ್ದಲ್ಲ.

ಮುಂದಿನ ಸಲ ಬಂದಾಗ ಕೇಳಿ, ವರದಿ ಯಾರಿಗೆ ಕೊಟ್ರಿ, ಕನ್ನಡದಲ್ಲಿ ಒಂದು ಕಾಪಿ ನಮ್ಮ ಲೈನಿಗೂ ಕೊಡಿ ಅಂತ.