ಕೈತೋಟಕ್ಕೊಂದು ಆ್ಯಪ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ಅಂಗಳದಲ್ಲಿ, ತಾರಸಿಯಲ್ಲಿ ಗಿಡ ಬೆಳೆಸುವವರಿಗಾಗಿ ಗೆಳತಿಯರೆಲ್ಲ ಸೇರಿ ಒಂದು ಮೊಬೈಲ್ ಆ್ಯಪ್ ಸಿದ್ಧಪಡಿಸುತ್ತಿದ್ದೇವೆ. ತುಳಸಿಗೆ ದಿನವೂ, ಗುಲಾಬಿಗೆ ಎರಡು ದಿನಕ್ಕೊಮ್ಮೆ, ಲೋಳೆಸರಕ್ಕೆ ವಾರಕ್ಕೊಮ್ಮೆ ಎಂದು ನೀರಿನ ವೇಳಾಪಟ್ಟಿ ಮಾಡಿದ್ದೇವೆ. ಆಯಾ ಹೊತ್ತಿಗೆ ಮೊಬೈಲಿಗೆ ನೋಟಿಫಿಕೇಶನ್ ಹೋಗುತ್ತದೆ. ಬಳಸಿ ನೋಡಲು ಕೊಟ್ಟ ನೆರೆಹೊರೆಯವರಲ್ಲಿ ಹೆಚ್ಚಿನವರು ಬಹುಬೇಗ ಅದನ್ನು ಬಂದ್ ಮಾಡಿದರು. ಆ್ಯಪ್ ಹೇಳಿದಂತೆಯೇ ನೀರು ಹಾಕಿದ ಒಬ್ಬರ ಮನೆಯಲ್ಲಿ ಮಳೆಗಾಲದಲ್ಲಿ ತುಳಸಿ ಕೊಳೆತುಹೋಯಿತು. ನಾವು ಏನನ್ನು ಬದಲಾಯಿಸಬೇಕು?
– ಓದುಗರು, ಮೈಸೂರು

ಉತ್ತರ: ನಿಮ್ಮ ನೆರೆಯವರು ನೋಟಿಫಿಕೇಶನ್ ಬಂದ್ ಮಾಡಿದ್ದಕ್ಕೂ ಇನ್ನೊಬ್ಬರ ತುಳಸಿ ಕೊಳೆತದ್ದಕ್ಕೂ ಕಾರಣ ಒಂದೇ. ನಿಮ್ಮ ಆ್ಯಪ್ ಗಿಡವನ್ನು ನೋಡದೆಯೇ ಅಪ್ಪಣೆ ಕೊಡುತ್ತಿದೆ. ಒಂದು ಗಿಡಕ್ಕೆ ಎಷ್ಟು ನೀರು ಬೇಕೆಂಬುದು ಅದರ ಜಾತಿಯಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಅದೇ ತುಳಸಿ ಮಣ್ಣಿನ ಕುಂಡದಲ್ಲಿದ್ದರೆ ಕುಂಡದ ಗೋಡೆಯ ಮೂಲಕವೂ ನೀರು ಆರುತ್ತದೆ. ಪ್ಲಾಸ್ಟಿಕ್ ಕುಂಡದಲ್ಲಿದ್ದರೆ ಮೇಲ್ಮೈಯಿಂದ, ಎಲೆಗಳಿಂದ ಮತ್ತು ತಳದ ತೂತಿನಿಂದಷ್ಟೇ ಹೊರಹೋಗುತ್ತದೆ. ಆರು ಇಂಚಿನ ಕುಂಡ ಏಪ್ರಿಲ್ ತಿಂಗಳ ತಾರಸಿಯ ಬಿಸಿಲಿಗೆ ಸಂಜೆಯೊಳಗೆ ಒಣಗಬಹುದು, ಹನ್ನೆರಡು ಇಂಚಿನ ಗ್ರೋ ಬ್ಯಾಗ್ ಜುಲೈ ತಿಂಗಳ ಮೋಡದಲ್ಲಿ ದಿನಗಟ್ಟಲೆ ಒದ್ದೆಯಾಗಿಯೇ ಉಳಿಯಬಹುದು. ಮಣ್ಣಿನ ಮಿಶ್ರಣದಲ್ಲಿ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹೆಚ್ಚಿದ್ದರೆ ಇನ್ನೊಂದು ತೊಡಕಿದೆ: ಮೇಲ್ಪದರ ಒಣಗಿ ತಿಳಿಬಣ್ಣಕ್ಕೆ ತಿರುಗಿದ್ದರೂ ಎರಡು ಬೆರಳಿನ ಆಳದಲ್ಲಿ ತೇವ ಚೆನ್ನಾಗಿಯೇ ಇರುತ್ತದೆ.

ಮನೆಯ ಕುಂಡಗಳಲ್ಲಿ ಗಿಡ ಸಾಯುವುದಕ್ಕೆ ನೀರಿನ ಕೊರತೆಯಷ್ಟೇ ನೀರಿನ ಅತಿಯೂ ಕಾರಣ. ಬೇರಿಗೆ ನೀರಿನಂತೆಯೇ ಆಮ್ಲಜನಕವೂ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳೆಲ್ಲ ನೀರಿನಿಂದ ತುಂಬಿಹೋದಾಗ ಬೇರು ಉಸಿರಾಡಲಾರದೆ ಸೊರಗುತ್ತದೆ, ಅನಂತರ ಶಿಲೀಂಧ್ರ ತಗಲಿ ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದ ಕಾರಣ, ಒದ್ದೆ ಮಣ್ಣಿನಲ್ಲಿ ನಿಂತಿದ್ದರೂ ಎಲೆಗಳು ಜೋತುಬೀಳುತ್ತವೆ. ನೋಡಿದವರಿಗೆ ಅದು ಬಾಯಾರಿಕೆಯಂತೆಯೇ ಕಾಣುವುದರಿಂದ ಅವರು ಇನ್ನೊಂದು ಚೊಂಬು ನೀರು ಹಾಕುತ್ತಾರೆ. ಅದೇ ಹೊತ್ತಿಗೆ ಮೊಬೈಲಿನಲ್ಲಿ 'ತುಳಸಿಗೆ ನೀರು ಹಾಕಿ' ಎಂಬ ಸಾಲು ಮೂಡಿದರೆ, ಹಾಕುವ ಕೈಗೆ ಇದ್ದ ಅಲ್ಪಸ್ವಲ್ಪ ಅನುಮಾನವೂ ಹೋಗಿಬಿಡುತ್ತದೆ.

ಆದ್ದರಿಂದ ಮೊದಲು ಬದಲಾಗಬೇಕಾದದ್ದು ಆ ಸಾಲು. 'ತುಳಸಿಯ ಮಣ್ಣನ್ನು ಮುಟ್ಟಿ ನೋಡಿ' ಎಂದು ಬರೆಯಿರಿ. ಅದರ ಕೆಳಗೆ 'ಇನ್ನೂ ಒದ್ದೆ ಇದೆ', 'ಒಣಗಿತ್ತು, ನೀರು ಹಾಕಿದೆ', 'ಗಿಡ ಬಾಡಿತ್ತು' ಎಂಬ ಮೂರು ಗುಂಡಿಗಳಿರಲಿ. ಒದ್ದೆ ಇದೆ ಎಂದರೆ ಮುಂದಿನ ಸೂಚನೆಯ ಅಂತರವನ್ನು ಹಿಗ್ಗಿಸಿ. ಒಣಗಿತ್ತು ಎಂದರೆ ಅಷ್ಟೇ ಅಂತರವನ್ನು ಉಳಿಸಿಕೊಳ್ಳಿ. ಬಾಡಿತ್ತು ಎಂದಾಗ ಮಾತ್ರ ಮಣ್ಣು ಒಣಗಿತ್ತೋ ಒದ್ದೆಯಾಗಿತ್ತೋ ಎಂದು ಇನ್ನೊಂದು ಪ್ರಶ್ನೆ ಕೇಳಿ. ಒಣಗಿದ್ದರೆ ಅಂತರವನ್ನು ಕುಗ್ಗಿಸಬೇಕು, ಒದ್ದೆಯಾಗಿದ್ದರೆ ನೀರನ್ನು ನಿಲ್ಲಿಸಿ ಕುಂಡದ ತೂತು ಕಟ್ಟಿಕೊಂಡಿದೆಯೇ ಎಂದು ನೋಡಲು ಹೇಳಬೇಕು. ಇದಕ್ಕೆ ಕೃತಕ ಬುದ್ಧಿಮತ್ತೆಯ ಅಗತ್ಯವೇ ಇಲ್ಲ. ಕೆಲವು ವಾರ ಹೀಗೆ ಉತ್ತರ ಕೂಡಿಬಂದರೆ, ಆ ಮನೆಯ ಆ ಮೂಲೆಯ ಆ ಕುಂಡದ ವಿಷಯ ನಿಮ್ಮ ಆ್ಯಪ್‌ಗೆ ಯಾವ ಪುಸ್ತಕದ ಪಟ್ಟಿಗಿಂತಲೂ ಚೆನ್ನಾಗಿ ತಿಳಿದಿರುತ್ತದೆ.

ಮಳೆಯ ಮಾಹಿತಿಯನ್ನು ಹವಾಮಾನ ಸೇವೆಗಳಿಂದ ಪಡೆದು ಸೂಚನೆಯನ್ನು ಮುಂದೂಡುವುದು ಒಳ್ಳೆಯದೇ, ಆದರೆ ಊರಿಗೆ ಮಳೆ ಬಂದರೆ ಕುಂಡಕ್ಕೂ ಬಂತೆಂದು ಭಾವಿಸಬೇಡಿ. ಬಾಲ್ಕನಿಯಲ್ಲಿ, ಸಜ್ಜಾದ ಕೆಳಗೆ, ಕಿಟಕಿಯ ಒಳಮಗ್ಗುಲಿನಲ್ಲಿ ಇಟ್ಟ ಗಿಡಗಳು ಧಾರಾಕಾರ ಮಳೆಯ ನಡುವೆಯೂ ಒಣಗುತ್ತವೆ. ಗಿಡವನ್ನು ಸೇರಿಸುವಾಗಲೇ 'ಇಲ್ಲಿ ಮಳೆನೀರು ಬೀಳುತ್ತದೆಯೇ' ಎಂದು ಒಮ್ಮೆ ಕೇಳಿಟ್ಟುಕೊಂಡರೆ ಸಾಕು.

ಇನ್ನು ನೋಟಿಫಿಕೇಶನ್‌ಗಳ ಸಂಖ್ಯೆ. ಹದಿನೈದು ಕುಂಡಗಳಿಗೆ ಹದಿನೈದು ಸೂಚನೆ ಕಳಿಸಿದರೆ ಯಾರಾದರೂ ಬಂದ್ ಮಾಡುತ್ತಾರೆ. ಬಳಸುವವರೇ ಆರಿಸಿಕೊಂಡ ಹೊತ್ತಿನಲ್ಲಿ, 'ಇಂದು ನೋಡಬೇಕಾದ ಕುಂಡಗಳು ನಾಲ್ಕು' ಎಂದು ದಿನಕ್ಕೆ ಒಂದೇ ಸೂಚನೆ ಬರಲಿ. ನೋಡುವುದೇನೂ ಇಲ್ಲದ ದಿನ ಆ್ಯಪ್ ಸುಮ್ಮನಿರಲಿ. ಆಂಡ್ರಾಯ್ಡ್ 13ರಿಂದ ಈಚೆಗೆ ಸೂಚನೆ ಕಳಿಸಲು ಬಳಕೆದಾರರ ಒಪ್ಪಿಗೆ ಕೇಳಲೇಬೇಕು, ಮತ್ತು ಎರಡು ಬಾರಿ ನಿರಾಕರಿಸಿದವರ ಮುಂದೆ ಆ ಪ್ರಶ್ನೆಯನ್ನು ಫೋನು ಮತ್ತೆ ಇಡುವುದಿಲ್ಲ. ಹಾಗಾಗಿ ಆ್ಯಪ್ ತೆರೆದ ತಕ್ಷಣ ಕೇಳದೆ, ಅವರು ಮೊದಲ ಗಿಡವನ್ನು ಸೇರಿಸಿ, ಸೂಚನೆ ಯಾಕೆ ಬೇಕೆಂಬುದು ಅವರಿಗೇ ಮನದಟ್ಟಾದ ಮೇಲೆ ಕೇಳಿರಿ. ನಿಗದಿತ ನಿಮಿಷಕ್ಕೇ ಸೂಚನೆ ಕೊಡಲು ಆಂಡ್ರಾಯ್ಡ್‌ನಲ್ಲಿ ಬೇಕಾಗುವ ಪ್ರತ್ಯೇಕ ಅಲಾರಂ ಅನುಮತಿಯ ಗೊಡವೆಗಂತೂ ಹೋಗಬೇಡಿ. ಅರ್ಧ ಗಂಟೆ ತಡವಾಗಿ ಮಣ್ಣು ಮುಟ್ಟಿದರೆ ಯಾವ ಗಿಡಕ್ಕೂ ಕೇಡಿಲ್ಲ.

ಪ್ರಶ್ನೆ: ಎಲೆಯ ಫೋಟೊ ತೆಗೆದರೆ ರೋಗವನ್ನು ಹೇಳುವ ಸೌಲಭ್ಯವನ್ನು ನಮ್ಮ ಆ್ಯಪ್‌ಗೆ ಸೇರಿಸಿದ್ದೇವೆ. ಅಂತರ್ಜಾಲದಲ್ಲಿ ಮುಕ್ತವಾಗಿ ಸಿಗುವ ಪ್ಲಾಂಟ್‌ವಿಲೇಜ್ ಎಂಬ ಎಲೆಚಿತ್ರಗಳ ಸಂಗ್ರಹದಿಂದ ಮಾದರಿಯನ್ನು (ಚಿತ್ರಗಳನ್ನು ನೋಡಿ ರೋಗ ಗುರುತಿಸಲು ಕಲಿಯುವ ತಂತ್ರಾಂಶವನ್ನು) ತರಬೇತುಗೊಳಿಸಿದೆವು. ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೆಂಟು ಸರಿಯಾಗಿದ್ದ ಉತ್ತರಗಳು ತಾರಸಿಯಲ್ಲಿ ತೆಗೆದ ಫೋಟೊಗಳಿಗೆ ಬಂದಾಗ ಹೆಚ್ಚು ಕಡಿಮೆ ತಪ್ಪೇ ಆಗುತ್ತಿವೆ. ಇನ್ನಷ್ಟು ತರಬೇತಿ ಕೊಟ್ಟರೆ ಸರಿಹೋಗುವುದೇ?
– ಓದುಗರು, ದಾವಣಗೆರೆ

ಉತ್ತರ: ಅದೇ ಚಿತ್ರಗಳಿಂದ ಎಷ್ಟು ತರಬೇತಿ ಕೊಟ್ಟರೂ ಸರಿಹೋಗುವುದಿಲ್ಲ. 2016ರಲ್ಲಿ ಈ ಚಿತ್ರಸಂಗ್ರಹದ ಮೇಲೆ ಪ್ರಕಟವಾದ ಹೆಸರಾಂತ ಅಧ್ಯಯನದಲ್ಲೂ ಇದೇ ಆಗಿತ್ತು. ಸುಮಾರು 54,000 ಚಿತ್ರಗಳ ಆ ಸಂಗ್ರಹದಿಂದಲೇ ತೆಗೆದಿಟ್ಟ ಪರೀಕ್ಷಾ ಚಿತ್ರಗಳಲ್ಲಿ ಶೇ 99.35ರಷ್ಟು ನಿಖರವಾಗಿದ್ದ ಮಾದರಿ, ಬೇರೆ ಸನ್ನಿವೇಶದಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ಶೇ 31ರ ಆಸುಪಾಸಿಗೆ ಇಳಿಯಿತು. ಇದನ್ನು ಸಂಶೋಧಕರೇ ಪ್ರಾಮಾಣಿಕವಾಗಿ ಬರೆದಿದ್ದಾರೆ. ಅಲ್ಲಿನ ಚಿತ್ರಗಳು ಕಿತ್ತ ಒಂದೊಂದೇ ಎಲೆಯನ್ನು ಬೋಳು ಹಿನ್ನೆಲೆಯ ಮೇಲಿಟ್ಟು ತೆಗೆದವು. ನಿಮ್ಮ ಬಳಕೆದಾರರ ಫೋಟೊದಲ್ಲಿ ಎಲೆಯ ಹಿಂದೆ ನೀರಿನ ಸಿಂಟೆಕ್ಸ್ ತೊಟ್ಟಿ, ಒಣಹಾಕಿದ ಬಟ್ಟೆ, ಪಕ್ಕದ ಗಿಡದ ನೆರಳು ಎಲ್ಲವೂ ಇರುತ್ತವೆ.

ಅದಕ್ಕಿಂತ ದೊಡ್ಡ ಕೊರತೆಯೊಂದಿದೆ. ಆ ಸಂಗ್ರಹದಲ್ಲಿರುವ ಬೆಳೆಗಳು ಹದಿನಾಲ್ಕು: ಸೇಬು, ದ್ರಾಕ್ಷಿ, ಪೀಚ್, ಸ್ಟ್ರಾಬೆರಿ ಮುಂತಾದವು. ನಮ್ಮ ಕೈತೋಟದಲ್ಲಿ ಸಾಮಾನ್ಯವಾಗಿ ಕಾಣುವ ಗಿಡಗಳ ಪೈಕಿ ಟೊಮೆಟೊ, ದಪ್ಪ ಮೆಣಸಿನಕಾಯಿಗಳನ್ನು ಬಿಟ್ಟರೆ ಅಲ್ಲಿ ಹೆಚ್ಚೇನೂ ಸಿಗದು. ದಾಸವಾಳ, ಮಲ್ಲಿಗೆ, ಕರಿಬೇವು, ಬದನೆ, ಬೆಂಡೆ ಇಲ್ಲವೇ ಇಲ್ಲ. ಹೀಗೆ ತರಬೇತಾದ ಮಾದರಿ ತನಗೆ ಗೊತ್ತಿರುವ ಹೆಸರುಗಳಲ್ಲೇ ಒಂದನ್ನು ಆರಿಸುತ್ತದೆಯೇ ಹೊರತು 'ಇದು ನನಗೆ ಗೊತ್ತಿಲ್ಲ' ಎಂದು ತಾನಾಗಿ ಹೇಳುವುದಿಲ್ಲ. ದಾಸವಾಳಕ್ಕೆ ಹತ್ತಿದ ಹಿಟ್ಟು ತಿಗಣೆಯ ಫೋಟೊ ಕೊಟ್ಟರೂ ಅದು ಟೊಮೆಟೊ ರೋಗವೊಂದರ ಹೆಸರನ್ನು ಧೈರ್ಯವಾಗಿ ಹೇಳಿಬಿಡಬಹುದು. ಆ ಧೈರ್ಯವನ್ನು ನಂಬಿ ಒಬ್ಬರು ಔಷಧಿ ಸಿಂಪಡಿಸುತ್ತಾರೆ ಎಂಬುದನ್ನು ನೀವು ಸದಾ ನೆನಪಿನಲ್ಲಿಡಬೇಕು.

ನನ್ನ ಸಲಹೆಯೆಂದರೆ, ಫೋಟೊ ತೀರ್ಪು ಕೊಡುವ ಬದಲು ಪ್ರಶ್ನೆ ಕೇಳಲು ನೆರವಾಗಲಿ. ಎಲೆ ಹಳದಿಯಾಗಿದೆ ಎಂದವರಿಗೆ, ಹಳದಿಯಾದದ್ದು ಕೆಳಗಿನ ಹಳೆಯ ಎಲೆಗಳೋ ತುದಿಯ ಚಿಗುರೆಲೆಗಳೋ ಎಂದು ಕೇಳಿ. ಸಾರಜನಕ ಸಾಲದಿದ್ದಾಗ ಗಿಡ ಹಳೆಯ ಎಲೆಗಳಿಂದ ಅದನ್ನು ಹೊಸ ಚಿಗುರಿಗೆ ಸಾಗಿಸಿಕೊಳ್ಳುವುದರಿಂದ ಮೊದಲು ಬುಡದ ಎಲೆಗಳು ಹಳದಿಯಾಗುತ್ತವೆ. ಕಬ್ಬಿಣವನ್ನು ಗಿಡ ಹಾಗೆ ಸಾಗಿಸಲಾರದು. ಅದರ ಕೊರತೆಯಲ್ಲಿ ಚಿಗುರೆಲೆಯೇ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಈ ಒಂದು ಪ್ರಶ್ನೆ ಎಷ್ಟೋ ಫೋಟೊಗಳಿಗಿಂತ ಹೆಚ್ಚಿನದನ್ನು ತಿಳಿಸುತ್ತದೆ. ಫೋಟೊ ಬೇಕೇ ಬೇಕಾದಾಗ ಇಡೀ ಗಿಡದ್ದೊಂದು, ಎಲೆಯ ಅಡಿಭಾಗದ್ದೊಂದು, ಕುಂಡದ ಮಣ್ಣಿನದೊಂದು ಕೇಳಿ. ಬಿಳಿ ನೊಣ, ಹೇನು ಮತ್ತು ನುಸಿಗಳು ಹೆಚ್ಚಾಗಿ ಅಡಗಿರುವುದು ಎಲೆಯ ಅಡಿಯಲ್ಲೇ. ಎಲೆ ಮಗುಚಿ ನೋಡುವ ಅಭ್ಯಾಸವೊಂದನ್ನು ನಿಮ್ಮ ಆ್ಯಪ್ ಕಲಿಸಿದರೂ ದೊಡ್ಡ ಉಪಕಾರ. ಟೊಮೆಟೊ ಎಲೆ ಮುದುಡು ರೋಗದಂಥದ್ದಕ್ಕೆ, ಅಂದರೆ ಬಿಳಿ ನೊಣ ಹರಡುವ ವೈರಸ್‌ಗೆ, ತಗಲಿದ ಗಿಡವನ್ನು ಗುಣಪಡಿಸುವ ಔಷಧಿ ಇಲ್ಲವೆಂದೂ, ಆ ಗಿಡವನ್ನು ಕಿತ್ತು ಉಳಿದವನ್ನು ಕಾಪಾಡಿಕೊಳ್ಳಬೇಕೆಂದೂ ನೇರವಾಗಿ ಹೇಳಿ. ಖಚಿತವಿಲ್ಲದ ಕಡೆ 'ಈ ಚಿತ್ರದಿಂದ ಗೊತ್ತಾಗುತ್ತಿಲ್ಲ' ಎಂಬ ಉತ್ತರವನ್ನು ಮುಜುಗರವಿಲ್ಲದೆ ತೋರಿಸಿ.

ಫೋಟೊ ಕಡತದೊಳಗೆ ತೆಗೆದ ಜಾಗದ ಅಕ್ಷಾಂಶ, ರೇಖಾಂಶಗಳು ಸೇರಿಕೊಂಡಿರಬಹುದು, ಎಂದರೆ ಬಳಕೆದಾರರ ಮನೆಯ ವಿಳಾಸವೇ ನಿಮ್ಮ ಸರ್ವರ್‌ಗೆ ಬಂದಂತೆ. ಕಳಿಸುವ ಮುನ್ನ ಫೋನಿನಲ್ಲೇ ಅದನ್ನು ಅಳಿಸಿಬಿಡಿ.

ಪ್ರಶ್ನೆ: ಗಿಡದ ಆ್ಯಪ್ ಒಂದರಲ್ಲಿ 'ಬೇವಿನ ಸೊಪ್ಪು' ಎಂದು ಹುಡುಕಿದರೆ ಕಹಿಬೇವಿನ ಮರ ಬರುತ್ತದೆ, ನಮ್ಮ ಕಡೆ ಹಾಗೆಂದರೆ ಒಗ್ಗರಣೆಗೆ ಹಾಕುವ ಸೊಪ್ಪು. ಬಿತ್ತನೆಯ ತಿಂಗಳುಗಳೂ ನಮ್ಮ ಊರಿಗೆ ಹೊಂದುವುದಿಲ್ಲ.
– ಓದುಗರು, ಕುಂದಾಪುರ

ಉತ್ತರ: ಎರಡೂ ದೂರು ನ್ಯಾಯವಾದವು. ಆ್ಯಪ್ ರೂಪಿಸುವವರು ಪ್ರತಿ ಗಿಡವನ್ನೂ ಅದರ ಸಸ್ಯಶಾಸ್ತ್ರೀಯ ಹೆಸರಿನಡಿ ಇಟ್ಟು, ಬೇರೆ ಬೇರೆ ಸೀಮೆಯ ಹೆಸರುಗಳನ್ನೆಲ್ಲ ಅದಕ್ಕೆ ಜೋಡಿಸಬೇಕು. ಒಂದೇ ಹೆಸರಿಗೆ ಎರಡು ಗಿಡಗಳಿದ್ದರೆ ಎರಡರ ಚಿತ್ರವನ್ನೂ ತೋರಿಸಿ ಆರಿಸಿಕೊಳ್ಳಲು ಬಿಡಬೇಕು. ಬಿತ್ತನೆಗೆ ಇಡೀ ರಾಜ್ಯಕ್ಕೆ ಒಂದೇ ಪಂಚಾಂಗ ಮಾಡುವುದು ಸಲ್ಲದು. ಮಳೆಗಾಲದ ಅಂಗಳದಲ್ಲಿ ಬೆಂಡೆ, ಹೀರೆ, ಮುಳ್ಳುಸೌತೆ ಬೆಳೆಯುವ ಕರಾವಳಿಗೂ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಗೂ ಮಳೆ, ಮಣ್ಣು, ಬಿಸಿಲು ಯಾವುದೂ ಒಂದಲ್ಲ. ತಾಲ್ಲೂಕನ್ನು ಪಟ್ಟಿಯಿಂದ ಆರಿಸಿಕೊಳ್ಳಲು ಬಿಟ್ಟರೆ ಸಾಕಾಗುತ್ತದೆ, ಜಿಪಿಎಸ್ ಅನುಮತಿಯೂ ಬೇಕಾಗುವುದಿಲ್ಲ.

ಪ್ರಶ್ನೆ: ನಮ್ಮ ತಾಯಿಯವರಿಗೆ ಗಿಡಗಳೆಂದರೆ ಪ್ರಾಣ, ಆದರೆ ಆ್ಯಪ್‌ಗಳ ಅಕ್ಷರಗಳು ಕಾಣುವುದಿಲ್ಲವೆಂದು ಫೋನನ್ನು ಬದಿಗಿಡುತ್ತಾರೆ. ನಾನೇ ಅವರಿಗಾಗಿ ಸಣ್ಣದೊಂದು ಆ್ಯಪ್ ಮಾಡಬೇಕೆಂದಿದ್ದೇನೆ. ಏನನ್ನು ಗಮನಿಸಬೇಕು?
– ಓದುಗರು, ಹುಬ್ಬಳ್ಳಿ

ಉತ್ತರ: ಅದನ್ನು ಮನೆಯೊಳಗಿನ ಮೇಜಿನ ಮೇಲಲ್ಲ, ಬೆಳಗ್ಗೆ ಹತ್ತರ ಬಿಸಿಲಿನಲ್ಲಿ ತಾರಸಿಯ ಮೇಲೆ ಪರೀಕ್ಷಿಸಿ. ಬಿಳಿಯ ಮೇಲೆ ತಿಳಿಹಸಿರು ಅಕ್ಷರ ಅಲ್ಲಿ ಕಾಣುವುದೇ ಇಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1ರ ವ್ಯತ್ಯಾಸವಿರಬೇಕೆಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯನ್ನು ಪಾಲಿಸಿ. ಫೋನಿನಲ್ಲಿ ತಾಯಿಯವರು ಹಿಗ್ಗಿಸಿಕೊಂಡ ಅಕ್ಷರದ ಗಾತ್ರವನ್ನು ನಿಮ್ಮ ಆ್ಯಪ್ ಕಡೆಗಣಿಸಬಾರದು. ಇಂಗ್ಲಿಷ್ ಅಕ್ಷರಗಳಿಗೆ ಅಳೆದು ಮಾಡಿದ ಸಾಲಿನ ಎತ್ತರದಲ್ಲಿ ಕನ್ನಡದ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುವುದನ್ನು ಎಷ್ಟೋ ಆ್ಯಪ್‌ಗಳಲ್ಲಿ ಕಾಣುತ್ತೇವೆ. 'ಮಣ್ಣು', 'ಗೊಬ್ಬರ' ಎಂಬ ಎರಡು ಪದಗಳನ್ನು ಗುಂಡಿಯ ಮೇಲೆ ಬರೆದು ನೋಡಿದರೆ ಅದು ತಿಳಿದುಬಿಡುತ್ತದೆ. ಮಣ್ಣಾದ, ಒದ್ದೆಯಾದ ಬೆರಳಿಗೆ ಸಿಗುವಷ್ಟು ಗುಂಡಿಗಳು ದೊಡ್ಡದಾಗಿರಲಿ, ಬರೆಯುವ ಬದಲು ಹೇಳಿ ದಾಖಲಿಸುವ ಅನುಕೂಲವಿರಲಿ, ಇಂಟರ್ನೆಟ್ ಇಲ್ಲದಾಗಲೂ ಹಳೆಯ ದಾಖಲೆಗಳು ತೆರೆಯಲಿ.

ಪ್ರಶ್ನೆ: ನಮ್ಮ ಆ್ಯಪ್‌ಗೆ ಈಗ ಒಂದಿಷ್ಟು ಬಳಕೆದಾರರಿದ್ದಾರೆ. ರೋಗದ ಹೆಸರು ತೋರಿಸಿದ ಕೂಡಲೇ ತಮ್ಮ ಕೀಟನಾಶಕವನ್ನು ಶಿಫಾರಸು ಮಾಡಿದರೆ ಹಣ ಕೊಡುವುದಾಗಿ ಮಾರಾಟಗಾರರೊಬ್ಬರು ಮುಂದೆ ಬಂದಿದ್ದಾರೆ. ಒಪ್ಪಬಹುದೇ?
– ಓದುಗರು, ಬೆಂಗಳೂರು

ಉತ್ತರ: ಒಪ್ಪಬೇಡಿ. 1968ರ ಕೀಟನಾಶಕ ಕಾಯ್ದೆಯಡಿ ನಮ್ಮಲ್ಲಿ ಪ್ರತಿ ಕೀಟನಾಶಕವೂ ನೋಂದಣಿಯಾಗಬೇಕು; ಯಾವ ಬೆಳೆಗೆ, ಯಾವ ಕೀಟಕ್ಕೆ, ಎಷ್ಟು ಪ್ರಮಾಣದಲ್ಲಿ ಎಂಬುದನ್ನು ನಿರ್ದಿಷ್ಟಪಡಿಸಿ ಆ ನೋಂದಣಿ ಕೊಡಲಾಗುತ್ತದೆ. ಸಿಂಪಡಿಸಿದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕೆಂಬುದೂ ಇದೆ. ಹೊಲದ ಎಕರೆ ಲೆಕ್ಕದ ಆ ಪ್ರಮಾಣವನ್ನು ಮೂರು ಕುಂಡಗಳಿಗೆ ಅಳೆದುಕೊಳ್ಳುವುದು ಮನೆಯವರಿಗೆ ಕಷ್ಟ, ಮತ್ತು ಕೈತೋಟದ ಕೊತ್ತಂಬರಿ, ಮೆಂತ್ಯ, ಹರಿವೆ ಸೊಪ್ಪನ್ನು ಅಂದೇ ಕಿತ್ತು ಅಂದೇ ಅಡುಗೆಗೆ ಹಾಕುವವರೇ ಹೆಚ್ಚು. ಖಚಿತವಲ್ಲದ ರೋಗನಿರ್ಣಯದ ಪಕ್ಕದಲ್ಲೇ 'ಕೊಳ್ಳಿ' ಗುಂಡಿಯನ್ನಿಟ್ಟು ಹಣ ಪಡೆಯಲು ಶುರುಮಾಡಿದರೆ, 'ಏನೂ ಸಿಂಪಡಿಸಬೇಡಿ, ಆ ಎಲೆಯನ್ನು ಕಿತ್ತರೆ ಸಾಕು' ಎಂಬ ಸರಿಯಾದ ಸಲಹೆಯೇ ನಿಮಗೆ ನಷ್ಟದ ಬಾಬ್ತಾಗುತ್ತದೆ. ಹಿಟ್ಟು ತಿಗಣೆಯನ್ನು ಒದ್ದೆ ಹತ್ತಿಯಿಂದ ಒರೆಸುವುದು, ಹೇನು ಮುತ್ತಿದ ತುದಿಯನ್ನು ನೀರಿನ ರಭಸಕ್ಕೆ ತೊಳೆಯುವುದು, ಅನಂತರ ಬೇಕಿದ್ದರೆ ಸಂಜೆಯ ಹೊತ್ತು ಬೇವಿನ ಎಣ್ಣೆಯ ದ್ರಾವಣ, ಈ ಅನುಕ್ರಮದಲ್ಲಿ ಸಲಹೆ ಕೊಡಿ. ಅದಕ್ಕೂ ಬಗ್ಗದಿದ್ದರೆ ಹತ್ತಿರದ ತೋಟಗಾರಿಕೆ ಇಲಾಖೆಯ ಕಚೇರಿ ಅಥವಾ ಕೃಷಿ ವಿಜ್ಞಾನ ಕೇಂದ್ರಕ್ಕೆ ಎಲೆಯ ಮಾದರಿಯೊಡನೆ ಹೋಗಲು ಹೇಳಿ. ಆದಾಯ ಬೇಕಿದ್ದರೆ ಬೀಜ, ಕುಂಡ, ಎರೆಹುಳು ಗೊಬ್ಬರದಂಥವುಗಳ ಜಾಹೀರಾತನ್ನು ಬೇರೆ ಪುಟದಲ್ಲಿ, ಜಾಹೀರಾತು ಎಂದು ಸ್ಪಷ್ಟವಾಗಿ ಬರೆದು ತೋರಿಸಬಹುದು. ಇಲ್ಲವೇ ವರ್ಷಕ್ಕೆ ಸಣ್ಣ ಮೊತ್ತದ ಚಂದಾ ಕೇಳಬಹುದು.