ಸಿಇಟಿ ಬರೆಯುವ ಮಗಳಿಗೆ ನೀಟ್ ಪ್ಯಾಕೇಜ್ ಯಾಕೆ?

ಪ್ರಶ್ನೆ: ಸರ್, ಮಗಳು ಪ್ರಥಮ ಪಿಯು ಮುಗಿಸಿದ್ದಾಳೆ, ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಜೀವಶಾಸ್ತ್ರ). ಬಿಎಸ್ಸಿ ಅಗ್ರಿ ಓದುವ ಆಸೆ. ನಮ್ಮದು ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ. ಹತ್ತಿರದ ಪೇಟೆಯ ಕೋಚಿಂಗ್ ಸೆಂಟರ್‌ನವರು ನೀಟ್, ಜೆಇಇ, ಸಿಇಟಿ ಮೂರೂ ಸೇರಿಸಿ ಒಂದೂಕಾಲು ಲಕ್ಷ ಹೇಳುತ್ತಿದ್ದಾರೆ. ಈ ವಾರವೇ ಪೂರ್ತಿ ಕಟ್ಟಿದರೆ 20 ಸಾವಿರ ಬಿಡುತ್ತಾರಂತೆ. ಸೇರಿಸೋಣವೇ?
- ಒಬ್ಬ ತಾಯಿ, ಅರಸೀಕೆರೆ ತಾಲ್ಲೂಕು

ಉತ್ತರ: ಈ ವಾರ ಕಟ್ಟಬೇಡಿ ತಾಯಿ. ಮೊದಲು ಲೆಕ್ಕ ನೋಡೋಣ.

ಮಗಳಿಗೆ ಬೇಕಿರುವುದು ಅಗ್ರಿ. ಅದಕ್ಕೆ ನಮ್ಮ ರಾಜ್ಯದಲ್ಲಿ ದಾರಿ ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ನಡೆಸುವ ಸಿಇಟಿ. ಡಾಕ್ಟರ್ ಓದಿಗೆ ಬರೆಯುವ ನೀಟ್‌ನಲ್ಲಿ ಗಣಿತ ಇಲ್ಲ, ಎಂಜಿನಿಯರಿಂಗ್‌ಗೆ ಬರೆಯುವ ಜೆಇಇಯಲ್ಲಿ ಜೀವಶಾಸ್ತ್ರ ಇಲ್ಲ. ಅಗ್ರಿಗೆ ನಾಲ್ಕೂ ಬೇಕು. ಮೂರೂ ಸೇರಿದ ಬ್ಯಾಚು ಅಂತ ಸೇರಿಸಿಕೊಂಡು, ಡಿಸೆಂಬರ್ ಹೊತ್ತಿಗೆ ಮಕ್ಕಳನ್ನು ಡಾಕ್ಟರ್ ಕಡೆ, ಎಂಜಿನಿಯರ್ ಕಡೆ ಅಂತ ಎರಡು ಭಾಗ ಮಾಡುವುದನ್ನು ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳುತ್ತಿದ್ದಾಗ ಬೇಕಾದಷ್ಟು ನೋಡಿದ್ದೇನೆ. ಅಗ್ರಿ ಅಂದವರು ನಡುವೆ ಸಿಕ್ಕಿಕೊಳ್ಳುತ್ತಾರೆ. ಹಾಗಾಗಿ ಅವರನ್ನು ಇದೊಂದು ಕೇಳಿ: ಕೊನೆಯವರೆಗೂ ನಾಲ್ಕೂ ವಿಷಯದ ಪಾಠ ಮಗಳಿಗೆ ಸಿಗುವಂತೆ ಟೈಮ್‌ಟೇಬಲ್ ಇದೆಯಾ? ತೋರಿಸಿ ಅನ್ನಿ. ಬಾಯಿಮಾತು ಬೇಡ.

ಪರೀಕ್ಷೆ ಬರೆಯುವ ಅಭ್ಯಾಸವೂ ಬೇರೆ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪಾದರೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ ಸರಿಗೆ 4, ತಪ್ಪಿಗೆ ಒಂದು ಕಡಿತ. ಅಲ್ಲಿ ಗೊತ್ತಿಲ್ಲದ್ದನ್ನು ಬಿಡುವುದನ್ನೇ ಕಲಿಸುತ್ತಾರೆ. ಅದೇ ಅಭ್ಯಾಸ ಕೂತರೆ ಸಿಇಟಿಯಲ್ಲಿ ಸುಮ್ನೆ ಅಂಕ ಹೋಗುತ್ತದೆ, ಅಲ್ವಾ?

ಇನ್ನೊಂದು ವಿಷಯ ಕೋಚಿಂಗ್‌ನವರು ಜಾಸ್ತಿ ಹೇಳುವುದಿಲ್ಲ. ಅಗ್ರಿ ರ‍್ಯಾಂಕಿಗೆ ಸಿಇಟಿಯಷ್ಟೇ ದ್ವಿತೀಯ ಪಿಯು ಅಂಕವೂ ಮುಖ್ಯ, ಅರ್ಧ ಅದು, ಅರ್ಧ ಇದು. ಎರಡಕ್ಕೂ ಬುಡ ಪಿಯು ಪುಸ್ತಕವೇ. ಕಾಲೇಜಿನ ಪಾಠ ಚೆನ್ನಾಗಿದ್ದರೆ ಅದನ್ನು ತಪ್ಪಿಸಿ ಬಸ್ಸಿನಲ್ಲಿ ಓಡಾಡುವುದು ನನಗೆ ಹಿಡಿಸುವುದಿಲ್ಲ. ಅವಳಿಗೆ ಕಷ್ಟದ ವಿಷಯ ಒಂದಕ್ಕೆ, ಹೆಚ್ಚಿನ ಮಕ್ಕಳಿಗೆ ಅದು ಗಣಿತವೋ ಫಿಸಿಕ್ಸೋ ಆಗಿರುತ್ತದೆ, ಊರಲ್ಲೇ ಟ್ಯೂಷನ್ ಹಾಕಿಸಿ. ಪಿಯು ಪರೀಕ್ಷೆ ಮುಗಿದ ಮೇಲೆ ಸಿಇಟಿಗೆಂದೇ ಇರುವ ಕ್ರ್ಯಾಶ್ ಕೋರ್ಸ್ ಸಾಕು. ಹಳೆಯ ಪ್ರಶ್ನೆಪತ್ರಿಕೆಗಳು ಕೆಇಎ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಗಡಿಯಾರ ಮುಂದಿಟ್ಟುಕೊಂಡು ಬರೆಯಲಿ. ಬರೀ ಮೊಬೈಲ್ ವಿಡಿಯೊ ನೋಡುತ್ತಾ ಓದುತ್ತೇನೆ ಅಂದರೆ ಮಾತ್ರ ಒಪ್ಪಬೇಡಿ. ನೋಡಿದ್ದು ಬಂತು ಅನ್ನಿಸುತ್ತದೆ, ಪೆನ್ನು ಹಿಡಿದಾಗ ಬರುವುದಿಲ್ಲ.

ಇಷ್ಟಾದ ಮೇಲೂ ಸೇರಿಸಲೇಬೇಕು ಅನ್ನಿಸಿದರೆ ಕಂತಿನಲ್ಲಿ ಕಟ್ಟಿ, ರಸೀದಿ ಕೇಳಿ. 2024ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕೋಚಿಂಗ್ ಸೆಂಟರ್‌ಗಳಿಗೆ ಮಾರ್ಗಸೂಚಿ ಕೊಟ್ಟಿದೆ. ರ‍್ಯಾಂಕ್ ಗ್ಯಾರಂಟಿ ಅನ್ನುವಂತಿಲ್ಲ, ನಡುವೆ ಬಿಟ್ಟರೆ ಉಳಿದ ಅವಧಿಯ ಹಣ 10 ದಿನದೊಳಗೆ ವಾಪಸ್ ಕೊಡಬೇಕು ಅಂತ ಅದರಲ್ಲಿದೆ. ಆ ಮಾತನ್ನು ಅವರ ಅರ್ಜಿಯಲ್ಲೇ ಬರೆಸಿಕೊಳ್ಳಿ. ಗೋಡೆ ತುಂಬ ಟಾಪರ್ ಫೋಟೊ ಇದ್ದರೆ, ಆ ಹುಡುಗ ಇಲ್ಲಿ ಎರಡು ವರ್ಷ ಓದಿದನಾ, ಬರೀ ಟೆಸ್ಟ್ ಸೀರೀಸ್ ತಗೊಂಡನಾ ಅಂತಲೂ ವಿಚಾರಿಸಿ. ಮುಖ ನೋಡಿದರೇ ಉತ್ತರ ಗೊತ್ತಾಗುತ್ತದೆ.

ಅಂದಹಾಗೆ, ನಿಮಗೆ ಹೊಲ ಇದೆ ಅಂದಿರಿ. ಕೃಷಿಕರ ಮಕ್ಕಳಿಗೆ ಅಗ್ರಿಯಲ್ಲಿ ಬೇರೆ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಬೆಳೆ ಗುರುತಿಸುವಂಥದ್ದು. ಹೊಲದಲ್ಲಿ ಓಡಾಡಿದ ಹುಡುಗಿಗೆ ಅದಕ್ಕೆ ದೊಡ್ಡ ಕೋಚಿಂಗ್ ಬೇಕಿಲ್ಲ. ಆದರೆ ಸಿಇಟಿ ಅರ್ಜಿ ತುಂಬುವಾಗಲೇ ಆ ಕೋಟಾ ಕೇಳಬೇಕು, ಪ್ರಮಾಣಪತ್ರವೂ ಬೇಕು. ತಾಲ್ಲೂಕು ಕಚೇರಿಗೆ ಈಗಲೇ ಒಂದು ಸಲ ಹೋಗಿ ಏನೇನು ಬೇಕು ಅಂತ ಕೇಳಿಕೊಂಡು ಬನ್ನಿ.