ಜಠರರಸದಲ್ಲಿ ಪೆಪ್ಸಿನ್ ಅಳತೆ ಹೊತ್ತಿಗೊಂದು ಬಗೆ ಬರುವುದೇಕೆ?

ಯಾದಗಿರಿಯ ವಿದ್ಯಾರ್ಥಿಯಾದ ತಾವು, ಒಂದೇ ಜಠರರಸದ ಮಾದರಿಯಲ್ಲಿ ಪೆಪ್ಸಿನ್ (ಪ್ರೋಟೀನನ್ನು ಒಡೆಯುವ ಜಠರದ ಕಿಣ್ವ) ಅಳೆದರೆ ಬೆಳಿಗ್ಗೆ ಒಂದು ಅಂಕಿ, ಮಧ್ಯಾಹ್ನ ಇನ್ನೊಂದು ಅಂಕಿ ಬರುತ್ತಿದೆ, ತಪ್ಪು ಎಲ್ಲಿದೆ ಎಂದು ಕೇಳಿದ್ದೀರಿ. ಕಲಬುರಗಿಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ಇದೇ ಪರೀಕ್ಷೆಯನ್ನು ವರ್ಷಗಳಿಂದ ಮಾಡಿಸುತ್ತಿರುವ ನನ್ನ ಅನುಭವದಲ್ಲಿ, ಇಂಥ ಏರುಪೇರಿಗೆ ಹೆಚ್ಚಾಗಿ ಕಾರಣವಾಗುವುದು ಉಷ್ಣತೆ ಮತ್ತು ಮಾದರಿಯನ್ನು ಇಟ್ಟ ರೀತಿ.

ತಾವು ಹಿಡಿದಿರುವುದು ಆನ್ಸನ್ ಅವರ ಹಿಮೋಗ್ಲೋಬಿನ್ ವಿಧಾನವೆಂದು ತಿಳಿದು ಬರೆಯುತ್ತಿದ್ದೇನೆ. ಇದರಲ್ಲಿ ಪೆಪ್ಸಿನ್ನಿನ ತೂಕ ಸಿಗುವುದಿಲ್ಲ. ಗೊತ್ತುಪಡಿಸಿದ ಹೊತ್ತಿನಲ್ಲಿ ಅದು ಎಷ್ಟು ಪ್ರೋಟೀನನ್ನು ಒಡೆಯಿತು ಎಂಬುದು ಮಾತ್ರ ಸಿಗುತ್ತದೆ. ಹೈಡ್ರೋಕ್ಲೋರಿಕ್ ಆಮ್ಲದಿಂದ ಪಿಎಚ್ 2ಕ್ಕೆ ತಂದ ಶೇ. 2ರ ಹಿಮೋಗ್ಲೋಬಿನ್ ದ್ರಾವಣ 2.5 ಮಿ.ಲೀ. ತೆಗೆದುಕೊಂಡು, 37 ಡಿಗ್ರಿಗೆ ಬಂದ ಮೇಲೆ ತೆಳುಗೊಳಿಸಿದ ಜಠರರಸ 0.5 ಮಿ.ಲೀ. ಸೇರಿಸಿ, ಸರಿಯಾಗಿ 10 ನಿಮಿಷಕ್ಕೆ ಶೇ. 5ರ ಟ್ರೈಕ್ಲೋರೋಅಸಿಟಿಕ್ ಆಮ್ಲ 5 ಮಿ.ಲೀ. ಹಾಕಿ ಕ್ರಿಯೆಯನ್ನು ನಿಲ್ಲಿಸಬೇಕು. ಒಡೆಯದೆ ಉಳಿದ ಪ್ರೋಟೀನು ಹೆಪ್ಪುಗಟ್ಟಿ ತಳಕ್ಕೆ ಇಳಿಯುತ್ತದೆ. ಒಡೆದ ಚೂರುಗಳು ಮೇಲಿನ ತಿಳಿಯಲ್ಲಿ ಉಳಿಯುತ್ತವೆ, ಅವು 280 ನ್ಯಾನೋಮೀಟರಿನ ಬೆಳಕನ್ನು ಎಷ್ಟು ಹೀರುತ್ತವೆ ಎಂಬುದನ್ನು ಓದುತ್ತೇವೆ. ತಿಳಿಯನ್ನು ಹಾಕಿ ಓದುವ ಪುಟ್ಟ ಪಾತ್ರೆಯಾದ ಕ್ಯುವೆಟ್ ಕ್ವಾರ್ಟ್ಸ್‌ನದ್ದೇ ಆಗಿರಬೇಕು, ಏಕೆಂದರೆ ಸಾಮಾನ್ಯ ಗಾಜು ಆ ಬೆಳಕನ್ನು ತಾನೇ ಹೀರಿಕೊಳ್ಳುತ್ತದೆ. ಹೋಲಿಕೆಗೆ ಇಡುವ, ಕ್ರಿಯೆ ನಡೆಯದ ಬ್ಲ್ಯಾಂಕ್ ನಳಿಕೆಗೆ ಟ್ರೈಕ್ಲೋರೋಅಸಿಟಿಕ್ ಆಮ್ಲವನ್ನು ಮೊದಲು, ಜಠರರಸವನ್ನು ಆಮೇಲೆ ಹಾಕಬೇಕು; ಈ ಕ್ರಮ ತಿರುವುಮುರುವಾದರೆ ಬ್ಲ್ಯಾಂಕಿನಲ್ಲೂ ಪ್ರೋಟೀನು ಒಡೆದು, ಕಳೆದ ಮೇಲೆ ಉಳಿಯುವ ಅಂಕಿ ಸುಳ್ಳಾಗುತ್ತದೆ.

ಈಗ ಉಷ್ಣತೆಯ ವಿಷಯ. ನಳಿಕೆಗಳನ್ನು 37 ಡಿಗ್ರಿಯಲ್ಲಿಡುವ ನಮ್ಮ ವಾಟರ್ ಬಾತ್‌ಗಳಿಗೆ (ಬಿಸಿನೀರಿನ ತೊಟ್ಟಿಗಳಿಗೆ) ಕಾಯಿಸುವುದು ಗೊತ್ತು, ತಣಿಸುವುದು ಗೊತ್ತಿಲ್ಲ. ಒಂದು ಮೇ ತಿಂಗಳ ಮಧ್ಯಾಹ್ನ ಹೀಟರಿನ ದೀಪ ಆರಿಯೇ ಇತ್ತು, ಗುಂಡಿ 37ರಲ್ಲೇ ಇತ್ತು. ಆದರೆ ನೀರಿನಲ್ಲಿ ಅದ್ದಿದ ಥರ್ಮಾಮೀಟರಿನ ಪಾದರಸ 40ರ ಗೆರೆಯನ್ನು ಮುಟ್ಟಿ ನಿಂತಿತ್ತು. ಕೋಣೆಯೇ ಅಷ್ಟು ಕಾದಿರುವಾಗ ನೀರು 37ಕ್ಕೆ ಇಳಿಯುವುದು ಸಾಧ್ಯವಿಲ್ಲ, ಕಿಣ್ವವೂ ಅಂದು ತನ್ನ ಲೆಕ್ಕಕ್ಕಿಂತ ಜೋರಾಗಿ ಕೆಲಸ ಮಾಡುತ್ತದೆ. ಆ ದಿನದಿಂದ ಬೇಸಿಗೆಯಲ್ಲಿ ಈ ಪರೀಕ್ಷೆಯನ್ನು ತಣಿಸುವ ವ್ಯವಸ್ಥೆಯಿರುವ ಬಿಓಡಿ ಇನ್‌ಕ್ಯುಬೇಟರಿನಲ್ಲಿ ಮಾಡಿಸುತ್ತೇನೆ. ಅದು ಸಿಗದ ದಿನ ಬೆಳಗಿನ ತಂಪಿನಲ್ಲೇ ಮುಗಿಸುತ್ತೇವೆ.

ಮಾದರಿಯ ತೊಂದರೆ ಇದಕ್ಕೆ ವಿರುದ್ಧ ದಿಕ್ಕಿನದು. ಹುಳಿಯಾಗಿರುವ ಜಠರರಸವನ್ನು ಬೆಚ್ಚಗೆ ಬಿಟ್ಟರೆ ಪೆಪ್ಸಿನ್ ತನ್ನನ್ನೇ ತಾನು ಜೀರ್ಣಿಸಿಕೊಳ್ಳತೊಡಗುತ್ತದೆ, ಅಂಕಿ ಇಳಿಯುತ್ತದೆ. ಬಾತ್ ಏರಿಸಿದ್ದು, ಮಾದರಿ ಇಳಿಸಿದ್ದು ಒಂದಕ್ಕೊಂದು ಸರಿಹೋಗಿ ಕೆಲವು ದಿನ ಉತ್ತರ ಸರಿಯಾಗಿಯೇ ಬಂದಂತೆ ಕಾಣುವುದುಂಟು, ನನಗೆ ಹೆಚ್ಚು ಭಯವಾಗುವುದು ಅಂಥ ದಿನಗಳದ್ದೇ. ಆದ್ದರಿಂದ ರೈಲ್ಸ್ ಟ್ಯೂಬಿನಿಂದ (ಮೂಗಿನ ಮೂಲಕ ಜಠರಕ್ಕೆ ಇಳಿಸುವ ಕೊಳವೆಯಿಂದ) ತೆಗೆದ ಕೂಡಲೇ ಮಾದರಿಯನ್ನು ಐಸಿನಲ್ಲಿಟ್ಟು ಅದರ ಪಿಎಚ್ ಬರೆದುಕೊಳ್ಳಿ. ಹಳದಿ ಅಥವಾ ಹಸಿರು ಛಾಯೆ ಇದ್ದರೆ ಪಿತ್ತರಸ ಹಿಂದಕ್ಕೆ ಬಂದು ಬೆರೆತಿರುತ್ತದೆ, ಅದರಿಂದ ಪಿಎಚ್ ಏರಬಹುದು. ಪಿಎಚ್ 7ನ್ನು ದಾಟಿದರೆ ಪೆಪ್ಸಿನ್ ಶಾಶ್ವತವಾಗಿ ಕೆಡುತ್ತದೆ, ಮತ್ತೆ ಆಮ್ಲ ಹಾಕಿದರೂ ಮರಳುವುದಿಲ್ಲ. ಅದರ ಪೂರ್ವರೂಪವಾದ ಪೆಪ್ಸಿನೋಜೆನ್ ಮಾತ್ರ ಆ ಪಿಎಚ್ ಅನ್ನು ತಾಳಿಕೊಳ್ಳುತ್ತದೆ.

ಪಿಷ್ಟವನ್ನು ಒಡೆಯುವ ಕಿಣ್ವವಾದ ಅಮೈಲೇಸನ್ನೂ ಇದೇ ಮಾದರಿಯಲ್ಲಿ ಅಳೆಯಬಹುದೇ ಎಂದೂ ಕೇಳಿದ್ದೀರಿ. ಅಲ್ಲಿ ಸಿಗುವ ಅಮೈಲೇಸ್ ಬಹುಪಾಲು ನುಂಗಿದ ಜೊಲ್ಲಿನದು. ಜಠರದ ಶಕ್ತಿಯನ್ನು ಅದರಿಂದ ಹೇಳಲಾಗದು.

ಮುಂದಿನ ಸಲ ಒಂದೇ ಮಾದರಿಯನ್ನು ಎರಡು ಹದದಲ್ಲಿ, ಎರಡನೆಯದು ಮೊದಲನೆಯದರ ಅರ್ಧದಷ್ಟಿರುವಂತೆ, 0.01 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೆಳುಗೊಳಿಸಿ ಓದಿ. ಬ್ಲ್ಯಾಂಕ್ ಕಳೆದ ಮೇಲೆ ಎರಡನೆಯ ಓದು ಮೊದಲನೆಯದರ ಅರ್ಧಕ್ಕೆ ಬಾರದೆ ಅದಕ್ಕಿಂತ ಹೆಚ್ಚಿದ್ದರೆ ಕಿಣ್ವ ಅತಿಯಾಗಿ, ಹಿಮೋಗ್ಲೋಬಿನ್ ಸಾಲದೆ ಹೋಗಿದೆ ಎಂದರ್ಥ. ಆಗ ಇನ್ನೂ ತೆಳುಗೊಳಿಸಿ ಮತ್ತೊಮ್ಮೆ ಮಾಡಿ.